ಮುಂಬೈ–ಕರಾಚಿ: 875 ಕಿಲೋಮೀಟರ್, ಹಾಗಾದ್ರೆ ಎಷ್ಟು ಗಂಟೆ?

ಭಾಗ 1

ಫೋನ್ ಹೇಗೂ ಕೈಯಲ್ಲೇ ಇದೆ. ಒಂದು ಕೆಲಸ ಮಾಡಿ. ಮುಂಬೈ ಏರ್‌ಪೋರ್ಟ್‌ನಿಂದ ಕರಾಚಿ ಏರ್‌ಪೋರ್ಟ್‌ಗೆ ಎಷ್ಟು ದೂರ ಅಂತ ಹುಡುಕಿ. ಹಕ್ಕಿ ಹಾರಿದ ಹಾಗೆ ನೇರವಾಗಿ ಅಳೆದರೆ ಸುಮಾರು 875 ಕಿ.ಮೀ. ಜೆಟ್ ವಿಮಾನಕ್ಕೆ ಇದು ಒಂದೂವರೆ ಗಂಟೆಯ ಆಸುಪಾಸಿನ ಕೆಲಸ.

ಈಗ ಬೆಂಗಳೂರು–ಮುಂಬೈ ಹುಡುಕಿ. ಸುಮಾರು 835 ಕಿ.ಮೀ. ನೋಡಿದ್ರಾ? ಮುಂಬೈಯವರಿಗೆ ನಮ್ಮ ಬೆಂಗಳೂರು ಎಷ್ಟು ದೂರವೋ ಕರಾಚಿಯೂ ಹೆಚ್ಚುಕಡಿಮೆ ಅಷ್ಟೇ ದೂರ. ದೆಹಲಿ ಇದಕ್ಕಿಂತ ದೂರ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಟಿಕೆಟ್ ಹುಡುಕಿ. ಮುಂಬೈಯಿಂದ ಬೆಂಗಳೂರಿಗೆ ದಿನಕ್ಕೆ ಹತ್ತಾರು ವಿಮಾನ. ಕರಾಚಿಗೆ ನೇರವಾಗಿ ಒಂದೂ ಇಲ್ಲ. ದುಬೈಗೋ ದೋಹಾಗೋ ಹೋಗಿ, ಅಲ್ಲಿ ಕಾದು, ಇನ್ನೊಂದು ವಿಮಾನ ಹತ್ತಿ ವಾಪಸ್ ಪೂರ್ವಕ್ಕೇ ಬರಬೇಕು. ಮುಂಬೈ–ದುಬೈ ಸುಮಾರು 1,930 ಕಿ.ಮೀ., ದುಬೈ–ಕರಾಚಿ ಸುಮಾರು 1,190. ಒಟ್ಟು 3,100 ದಾಟುತ್ತೆ. ಅಂದ್ರೆ ನೇರ ದೂರದ ಮೂರೂವರೆ ಪಟ್ಟು. ನಡುವೆ ಕಾಯೋದು ಸೇರಿಸಿದರೆ ಅರ್ಧ ದಿನ ಹೋಗುತ್ತೆ.

ಈಗ ಈ ಸರಣಿಯ ವಿಷಯ. 1932ರಲ್ಲಿ, ಒಂದೇ ಎಂಜಿನ್ ಇದ್ದ, ರೇಡಿಯೋ ಕೂಡ ಇಲ್ಲದ ಒಂದು ಪುಟ್ಟ ವಿಮಾನ ಇದೇ ಕರಾಚಿಯಿಂದ ಮುಂಬೈಗೆ ಬಂದು ಸೇರೋಕೆ ತಗೊಂಡ ಸಮಯ 7 ಗಂಟೆ 15 ನಿಮಿಷ.

ಭಾಗ 2

ಕಥೆ ಶುರು ಮಾಡೋ ಮುಂಚೆ ನಕ್ಷೆ ಸ್ವಲ್ಪ ಸರಿಮಾಡ್ಕೊಳ್ಳೋಣ. ಯಾಕಂದ್ರೆ ನಮ್ಮ ತಲೆಯಲ್ಲಿರೋ ನಕ್ಷೆಯಲ್ಲಿ ಕರಾಚಿ ಅಂದ ಕೂಡಲೇ ಗಡಿ, ಮುಳ್ಳುತಂತಿ, ಕ್ರಿಕೆಟ್ ಮ್ಯಾಚು.

1936ರ ಏಪ್ರಿಲ್ 1ರವರೆಗೆ ಸಿಂಧ್ ಪ್ರಾಂತ ಬಾಂಬೆ ಪ್ರೆಸಿಡೆನ್ಸಿಯ ಭಾಗ. ಕರಾಚಿಯ ಮೇಲೂ ಬಾಂಬೆ ಗವರ್ನರನದೇ ಆಡಳಿತ. ಅದೇ ಗವರ್ನರನ ಕೈಕೆಳಗೆ ಇನ್ನು ಯಾರಿದ್ದರು ಗೊತ್ತಾ? ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ. ಬೆಂಗಳೂರು ಮೈಸೂರು ಮಹಾರಾಜರದ್ದು, ಬಳ್ಳಾರಿ ಮತ್ತು ಮಂಗಳೂರು ಮದ್ರಾಸ್ ಪ್ರೆಸಿಡೆನ್ಸಿಯದ್ದು. ಹಾಗಾಗಿ 1932ರಲ್ಲಿ ಹುಬ್ಬಳ್ಳಿಯ ಹುಡುಗನಿಗೆ ಬೆಂಗಳೂರು ಬೇರೆ ರಾಜ್ಯ, ಕರಾಚಿ ತನ್ನದೇ ಪ್ರಾಂತದ ಊರು! ಸುಮ್ನೆ ಒಂದ್ಸಲ ಊಹಿಸ್ಕೊಳ್ಳಿ. ಬಾಂಬೆಯ ಶಾಸನ ಸಭೆಯಲ್ಲಿ ಧಾರವಾಡದ ಸದಸ್ಯರೂ ಸಿಂಧಿನ ಸದಸ್ಯರೂ ಒಂದೇ ಸೂರಿನಡಿ ಕೂತಿದ್ದಾರೆ.

ನಮ್ಮ ಪಠ್ಯಪುಸ್ತಕದಲ್ಲಿ ‘ಮುಂಬೈ ಕರ್ನಾಟಕ’ ಅಂತ ಓದುವಾಗ ಆ ಮುಂಬೈನ ಇನ್ನೊಂದು ತುದಿ ಕರಾಚಿಯ ಆಚೆವರೆಗೂ ಇತ್ತು ಅನ್ನೋದನ್ನ ಯಾರೂ ಹೇಳಲ್ಲ. ಹೇಳಬೇಕಿತ್ತು ಅಂತ ನನ್ನ ಅನಿಸಿಕೆ.

ಭಾಗ 3

ಹಾಗಾದ್ರೆ ವಿಮಾನ ಕರಾಚಿಯಿಂದಲೇ ಯಾಕೆ ಹೊರಟಿತು? ಬಾಂಬೆ ಅದಕ್ಕಿಂತ ದೊಡ್ಡ ಊರು ತಾನೆ?

ಲಂಡನ್‌ನಿಂದ ಬರುವಾಗ ಇಂಡಿಯಾದಲ್ಲಿ ಮೊದಲು ಸಿಗೋ ದೊಡ್ಡ ಊರು ಕರಾಚಿ. 1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಲಂಡನ್ನಿನ ಕ್ರಾಯ್ಡನ್‌ನಿಂದ ಕರಾಚಿಗೆ ಟಪಾಲು ಮತ್ತು ಪ್ರಯಾಣಿಕರ ಸೇವೆ ಶುರು ಮಾಡಿತು. ಒಟ್ಟು ಏಳು ದಿನ. ಅದೂ ಪೂರ್ತಿ ವಿಮಾನದಲ್ಲಲ್ಲ! ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೆ ವಿಮಾನ, ಅಲ್ಲಿಂದ ಇಟಲಿಯ ಜಿನೋವಾವರೆಗೆ ರೈಲು, ಜಿನೋವಾದಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯಾವರೆಗೆ ನೀರಿನ ಮೇಲೆ ಇಳಿಯೋ ವಿಮಾನ, ಅಲ್ಲಿಂದ ಮತ್ತೆ ನೆಲದ ವಿಮಾನ. ಹಡಗಿನಲ್ಲಿ ವಾರಗಟ್ಟಲೆ ಕೂರ್ತಿದ್ದವರಿಗೆ ಇದೇ ದೊಡ್ಡ ಪವಾಡ.

ಬ್ರಿಟಿಷರಿಗೆ ಇನ್ನೂ ದೊಡ್ಡ ಕನಸಿತ್ತು. ದೈತ್ಯ ಗಾಳಿಹಡಗುಗಳಲ್ಲಿ ಇಂಗ್ಲೆಂಡಿನಿಂದ ಕರಾಚಿಗೆ ಬರೋದು. ಅದಕ್ಕಾಗಿ ಕರಾಚಿಯಲ್ಲಿ ಒಂದು ಭಾರೀ ಶೆಡ್ ಕೂಡ ಕಟ್ಟಿಬಿಟ್ಟಿದ್ದರು. 1930ರ ಅಕ್ಟೋಬರ್‌ನಲ್ಲಿ ಆರ್101 ಅನ್ನೋ ಗಾಳಿಹಡಗು ಕರಾಚಿಗೆ ಅಂತ ಹೊರಟು ಫ್ರಾನ್ಸಿನಲ್ಲೇ ಬಿದ್ದು ಉರಿದುಹೋಯಿತು. 54 ಜನರಲ್ಲಿ 48 ಜನ ಸತ್ತರು. ಕನಸು ಅಲ್ಲಿಗೆ ಮುಗೀತು, ಶೆಡ್ ಮಾತ್ರ ಎಷ್ಟೋ ವರ್ಷ ಖಾಲಿ ನಿಂತಿತ್ತು.

ಅಂತೂ ಲಂಡನ್ನಿನ ಕಾಗದ ಒಂದು ವಾರಕ್ಕೆ ಕರಾಚಿಗೆ ಬರುತ್ತೆ. ಅಲ್ಲಿಂದ ಬಾಂಬೆಗೆ, ಮದ್ರಾಸಿಗೆ ರೈಲು. ಆಕಾಶದಲ್ಲಿ ಉಳಿಸಿದ ದಿನಗಳನ್ನ ಹಳಿ ಮೇಲೆ ಕಳೆಯೋದು. ಈ ಸಂದನ್ನ ತುಂಬಬಹುದು ಅಂತ ಮೊದಲು ಲೆಕ್ಕ ಹಾಕಿದವನು ನೆವಿಲ್ ವಿನ್ಸೆಂಟ್, ಬ್ರಿಟಿಷ್ ವಾಯುಪಡೆಯಲ್ಲಿದ್ದ ದಕ್ಷಿಣ ಆಫ್ರಿಕಾ ಮೂಲದ ಪೈಲಟ್. ಆತ ಯೋಜನೆ ಹಿಡ್ಕೊಂಡು ಬಂದದ್ದು ಜೆ.ಆರ್.ಡಿ. ಟಾಟಾ ಹತ್ತಿರ.

ಭಾಗ 4

ಜೆ.ಆರ್.ಡಿ. ಅಂದ್ರೆ ನಮಗೆ ನೆನಪಿಗೆ ಬರೋದು ಬಿಳಿ ಮೀಸೆಯ ಗಂಭೀರ ಉದ್ಯಮಿ. ಆಗ ಅವರಿಗೆ ಇಪ್ಪತ್ತೆಂಟು. 1929ರ ಫೆಬ್ರವರಿ 10ರಂದು ಇಲ್ಲಿನ ಏರೋ ಕ್ಲಬ್ ಕೊಟ್ಟ ಪೈಲಟ್ ಲೈಸೆನ್ಸ್ ನಂಬರ್ 1 ಅವರದ್ದು.

ಇಲ್ಲಿ ಒಂದು ಅಡ್ಡಕಥೆ, ಬಿಡೋಕೆ ಮನಸ್ಸಿಲ್ಲ. 1930ರಲ್ಲಿ ಆಗಾ ಖಾನ್ ಒಂದು ಸ್ಪರ್ಧೆ ಇಟ್ಟರು. ಇಂಗ್ಲೆಂಡ್ ಮತ್ತು ಇಂಡಿಯಾ ನಡುವೆ ಒಬ್ಬನೇ ಹಾರಿದ ಮೊದಲ ಭಾರತೀಯನಿಗೆ 500 ಪೌಂಡ್ ಬಹುಮಾನ. ಜೆ.ಆರ್.ಡಿ. ಕರಾಚಿಯಿಂದ ಹೊರಟರು. ಆ ಕಡೆಯಿಂದ ಆಸ್ಪಿ ಎಂಜಿನಿಯರ್ ಅನ್ನೋ ಹುಡುಗ ಕರಾಚಿ ಕಡೆಗೆ ಬರ್ತಿದ್ದ. ವಯಸ್ಸು ಹದಿನೇಳು, ನಮ್ಮ ಪಿಯುಸಿ ವಯಸ್ಸು! ಈಜಿಪ್ಟಿನಲ್ಲಿ ಇಬ್ಬರೂ ಎದುರಾದರು. ಆಸ್ಪಿಯ ವಿಮಾನಕ್ಕೆ ಸ್ಪಾರ್ಕ್ ಪ್ಲಗ್ ಬೇಕಿತ್ತು, ಇಲ್ಲದಿದ್ದರೆ ಮುಂದೆ ಹೋಗೋ ಹಾಗಿಲ್ಲ. ಜೆ.ಆರ್.ಡಿ. ತನ್ನ ಹತ್ತಿರ ಇದ್ದದ್ದನ್ನ ಕೊಟ್ಟರು. ಕೆಲವೇ ಗಂಟೆಗಳ ಅಂತರದಲ್ಲಿ ಬಹುಮಾನ ಹುಡುಗನ ಪಾಲಾಯಿತು. ಆ ಆಸ್ಪಿ ಮುಂದೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು. ಗಮನಿಸಿ, ಇವರಿಬ್ಬರ ಸ್ಪರ್ಧೆಯಲ್ಲೂ ಇಂಡಿಯಾದ ತುದಿ ಅಂದ್ರೆ ಕರಾಚಿ.

ಸರಿ, ಕಥೆಗೆ ಬರೋಣ. ಟಾಟಾ ಸನ್ಸ್ ಹಾಕಿದ ದುಡ್ಡು ಎರಡು ಲಕ್ಷ ರೂಪಾಯಿ. ಸರ್ಕಾರದ ಸಬ್ಸಿಡಿ ಇಲ್ಲ. 1932ರ ಏಪ್ರಿಲ್‌ನಲ್ಲಿ ಹತ್ತು ವರ್ಷದ ಟಪಾಲು ಕಾಂಟ್ರ್ಯಾಕ್ಟ್ ಆಯಿತು. ಆಸ್ತಿ ಅಂದ್ರೆ ಎರಡು ಪುಸ್ ಮಾತ್ ವಿಮಾನಗಳು. ಒಂದೇ ಎಂಜಿನ್, ಪೈಲಟ್ ಬಿಟ್ಟರೆ ಇಬ್ಬರು ಕೂರಬಹುದು, ವೇಗ ಗಂಟೆಗೆ ಸುಮಾರು 160 ಕಿ.ಮೀ. ನಮ್ಮ ವಂದೇ ಭಾರತ್ ರೈಲು ಓಡಬಲ್ಲ ವೇಗ ಅನ್ಕೊಳ್ಳಿ.

1932ರ ಅಕ್ಟೋಬರ್ 15, ಶನಿವಾರ. ಕರಾಚಿಯ ಡ್ರಿಗ್ ರೋಡ್ ಏರೋಡ್ರೋಮ್. ಬೆಳಿಗ್ಗೆ 6:35. ಜೆ.ಆರ್.ಡಿ. ಒಬ್ಬರೇ. ಜೊತೆಗೆ 55 ಪೌಂಡ್ ಟಪಾಲು, ಅಂದ್ರೆ ಇಪ್ಪತ್ತೈದು ಕೆ.ಜಿ. ಅಕ್ಕಿ ಚೀಲದ ಭಾರ. ಕೆಳಗಿನಿಂದ ದಾರಿ ಹೇಳೋಕೆ ಯಾರೂ ಇಲ್ಲ, ಕಂಟ್ರೋಲ್ ಟವರ್‌ನ ಮಾತಿಲ್ಲ, ಹವಾಮಾನ ವರದಿ ಇಲ್ಲ. ಕೈಯಲ್ಲೊಂದು ನಕ್ಷೆ, ಕಣ್ಣೆದುರು ನೆಲ.

ನೇರವಾಗಿ ಬಾಂಬೆಗೆ ಹಾರೋ ಹಾಗಿಲ್ಲ, ಅಹಮದಾಬಾದ್‌ನಲ್ಲಿ ಇಳಿಯಬೇಕು. ಅಲ್ಲಿ ಪೆಟ್ರೋಲು ಕಾಯ್ತಿತ್ತು. ಬರ್ಮಾ ಶೆಲ್ ಕಂಪನಿಯ ನಾಲ್ಕು ಗ್ಯಾಲನ್ ಡಬ್ಬಗಳು, ಬಂದದ್ದು ಎತ್ತಿನಗಾಡಿಯಲ್ಲಿ. ದೇಶದ ಮೊದಲ ನಿಯಮಿತ ವಿಮಾನ ಸಂಸ್ಥೆಗೆ ಇಂಧನ ತಂದುಕೊಟ್ಟದ್ದು ಎತ್ತು! ಈ ಒಂದು ಚಿತ್ರ ಸಿಕ್ಕರೆ ಸಾಕು, ಆ ಕಾಲವೇ ಸಿಕ್ಕ ಹಾಗೆ.

ಮಧ್ಯಾಹ್ನ 1:50ಕ್ಕೆ ಜುಹುವಿನಲ್ಲಿ ಇಳಿದರು. ಈಗ ಲೆಕ್ಕ ಹಾಕಿ. ಕರಾಚಿ–ಅಹಮದಾಬಾದ್ ಸುಮಾರು 593, ಅಹಮದಾಬಾದ್–ಮುಂಬೈ ಸುಮಾರು 440. ಒಟ್ಟು 1,030 ಕಿ.ಮೀ. ಚಿಲ್ಲರೆ. ಗಂಟೆಗೆ 160ರಂತೆ ಆರೂವರೆ ಗಂಟೆ ಹಾರಾಟ. ಉಳಿದದ್ದು ಡಬ್ಬದಿಂದ ಪೆಟ್ರೋಲ್ ಸುರಿಯೋಕೆ. ಎಲ್ಲಾ ಸೇರಿ 7 ಗಂಟೆ 15 ನಿಮಿಷ. ಗಣಿತ ಎಷ್ಟು ಚೆನ್ನಾಗಿ ಕೂತುಕೊಳ್ಳುತ್ತೆ ನೋಡಿ. ದೂರ, ವೇಗ, ಪೆಟ್ರೋಲು, ಅಷ್ಟೇ. ಅವತ್ತು ಆ ದಾರಿಯಲ್ಲಿ ವಿಮಾನವನ್ನ ತಡೆಯಬಹುದಾಗಿದ್ದದ್ದು ಮಳೆ, ಗಾಳಿ ಮತ್ತು ಎಂಜಿನ್ ಮಾತ್ರ.

ಭಾಗ 5

ಬಳ್ಳಾರಿ ಫ್ರೆಂಡ್ಸ್, ಈ ಭಾಗ ನಿಮ್ಮದು.

ಟಪಾಲು ಜುಹುವಿನಲ್ಲೇ ಮುಗಿಯಲಿಲ್ಲ. ಮದ್ರಾಸಿನ ಕಾಗದಗಳನ್ನ ಹಿಡ್ಕೊಂಡು ವಿನ್ಸೆಂಟ್ ಮುಂದಕ್ಕೆ ಹಾರಿದ. ಬಾಂಬೆಯಿಂದ ಮದ್ರಾಸಿಗೆ ಒಂದೇ ಹಾರಾಟದಲ್ಲಿ ಹೋಗೋದು ಆ ವಿಮಾನಕ್ಕೆ ಕಷ್ಟ. ನಡುವೆ ಇಳಿಯೋಕೆ ಆಯ್ಕೆಯಾದ ಊರು ಬಳ್ಳಾರಿ. ಹಾಗಾಗಿ ಏರ್ ಇಂಡಿಯಾ ಆಗಿ ಬೆಳೆದ ಸಂಸ್ಥೆಯ ಮೊಟ್ಟಮೊದಲ ಮಾರ್ಗದ ಪಟ್ಟಿ ಹೀಗಿದೆ: ಕರಾಚಿ, ಅಹಮದಾಬಾದ್, ಬಾಂಬೆ, ಬಳ್ಳಾರಿ, ಮದ್ರಾಸ್. ಬೆಂಗಳೂರು ಇಲ್ಲ, ದೆಹಲಿ ಇಲ್ಲ, ಕಲ್ಕತ್ತಾ ಇಲ್ಲ, ಬಳ್ಳಾರಿ ಇದೆ. ಕ್ವಿಜ್‌ನಲ್ಲಿ ಕೇಳಿದ್ರೆ ಬಿಡಬೇಡಿ.

ಜುಹು ಅಂದ್ರೆ ಈಗಿನ ರನ್‌ವೇ ಅಲ್ಲ. ಸಮುದ್ರದ ಪಕ್ಕದ ಕೆಸರುನೆಲ. ಮಳೆಗಾಲದಲ್ಲಿ ನೀರು ನಿಲ್ಲುತ್ತಿತ್ತು. ಆಗ ವಿಮಾನ, ಪೈಲಟ್ಟು, ಮೆಕ್ಯಾನಿಕ್ಕು ಎಲ್ಲಾ ಗಂಟುಮೂಟೆ ಕಟ್ಕೊಂಡು ಪುಣೆಯ ಯರವಾಡಕ್ಕೆ. ಇಷ್ಟಾದರೂ ಮೊದಲ ಪೂರ್ತಿ ವರ್ಷದಲ್ಲಿ ಹಾರಿದ್ದು 1,60,000 ಮೈಲಿ, ಸಾಗಿಸಿದ್ದು 155 ಪ್ರಯಾಣಿಕರು ಮತ್ತು ಹತ್ತು ಟನ್ನಿಗೂ ಹೆಚ್ಚು ಟಪಾಲು, ಲಾಭ 60,000 ರೂಪಾಯಿ. ಸಮಯಪಾಲನೆ ನೂರಕ್ಕೆ ನೂರು ಅಂತ ಸರ್ಕಾರದ ವಿಮಾನಯಾನ ಇಲಾಖೆಯೇ 1933–34ರ ವರದಿಯಲ್ಲಿ ಹೊಗಳಿತು. ಇವತ್ತು ಯಾವ ಏರ್‌ಲೈನ್ ಕೂಡ ಈ ಮಾತು ಹೇಳ್ಕೊಳ್ಳೋ ಧೈರ್ಯ ಮಾಡಲಾರದು, ಇರ್ಲಿ ಬಿಡಿ.

ವಿನ್ಸೆಂಟ್ ಹೆಸರು ನಮಗೆ ಅಷ್ಟಾಗಿ ಗೊತ್ತಿಲ್ಲ. 1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ವಿಮಾನದಲ್ಲಿ ಹೋಗುವಾಗಲೇ ಆತ ಸತ್ತ. ಯೋಜನೆ ಅವನದು, ಫೋಟೋ ಮಾತ್ರ ಜೆ.ಆರ್.ಡಿ.ಯದು.

ಭಾಗ 6

1947. ಕರಾಚಿ ಪಾಕಿಸ್ತಾನದ ರಾಜಧಾನಿಯಾಯಿತು. ಸಿಂಧ್‌ನ ಹಿಂದೂಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹೊರಟರು. ಬಹಳಷ್ಟು ಜನ ಹಡಗಿನಲ್ಲಿ ಬಾಂಬೆಗೆ ಬಂದಿಳಿದು ಕಲ್ಯಾಣದ ಮಿಲಿಟರಿ ಕ್ಯಾಂಪ್ ಸೇರಿದರು. ಇವತ್ತಿನ ಉಲ್ಲಾಸನಗರ ಅದೇ. ಬಾಂಬೆ ಕಡೆಯಿಂದ ಮುಸ್ಲಿಮರು ಕರಾಚಿಗೆ ಹೋದರು. ಹಾಗಾಗಿ ಈ ಎರಡು ಊರುಗಳಷ್ಟು ಒಂದರೊಳಗೊಂದು ನೆಂಟಸ್ತನ ಇಟ್ಕೊಂಡಿರೋ ಊರುಗಳು ಗಡಿಯ ಎರಡೂ ಕಡೆ ಕಡಿಮೆ.

ಗಮನಿಸಬೇಕಾದ ವಿಷಯ ಏನಂದ್ರೆ, ದೇಶ ಎರಡಾದ ಕೂಡಲೇ ವಿಮಾನ ನಿಲ್ಲಲಿಲ್ಲ. ಬಾಂಬೆ–ಕರಾಚಿ ಹಾರಾಟ ನಡೀತಾನೇ ಇತ್ತು. ಕಡಿದದ್ದು ನಿಧಾನಕ್ಕೆ, ಒಂದೊಂದೇ ಏಟಿಗೆ.

1965ರ ಸೆಪ್ಟೆಂಬರ್, ಯುದ್ಧ. ಸಂಪರ್ಕ ಕಡಿಯಿತು. ತಾಷ್ಕೆಂಟ್ ಒಪ್ಪಂದದ ನಂತರ 1966ರಲ್ಲಿ ಒಬ್ಬರ ಆಕಾಶದಲ್ಲಿ ಇನ್ನೊಬ್ಬರು ಹಾರಬಹುದು ಅಂತಾಯಿತು.

1971ರ ಜನವರಿ 30. ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್‌ನ ‘ಗಂಗಾ’ ವಿಮಾನವನ್ನ ಅಪಹರಿಸಿ ಲಾಹೋರಿಗೆ ಒಯ್ದರು. ಪ್ರಯಾಣಿಕರು ವಾಪಸ್ ಬಂದರು, ವಿಮಾನವನ್ನ ಅಲ್ಲೇ ಸುಟ್ಟರು. ಭಾರತ ತನ್ನ ಆಕಾಶವನ್ನ ಪಾಕಿಸ್ತಾನದ ವಿಮಾನಗಳಿಗೆ ಮುಚ್ಚಿತು. ಆಗ ಪಾಕಿಸ್ತಾನ ಅಂದ್ರೆ ಎರಡು ತುಂಡು, ನಡುವೆ ನಾವು. ಕರಾಚಿಯಿಂದ ಢಾಕಾಗೆ ನೇರವಾಗಿ ಸುಮಾರು 2,350 ಕಿ.ಮೀ. ಈಗ ಕೊಲಂಬೋ ಸುತ್ತಿ ಹೋಗಬೇಕು: 4,500 ಕಿ.ಮೀ. ದಾಟುತ್ತೆ. ಒಂದು ದೇಶದ ಎರಡು ನಗರಗಳ ಮಧ್ಯದ ದೂರ ಒಂದೇ ದಿನದಲ್ಲಿ ದುಪ್ಪಟ್ಟು! ಆ ವರ್ಷ ಪೂರ್ವಕ್ಕೆ ಸೈನಿಕರನ್ನ ಕಳಿಸೋಕೆ ಪಾಕಿಸ್ತಾನಕ್ಕೆ ಉಳಿದ ಆಕಾಶದಾರಿ ಇದೇ. ಬಾಂಗ್ಲಾದೇಶದ ಹುಟ್ಟಿನ ಬಗ್ಗೆ ಓದುವಾಗ ಈ ಕೊಲಂಬೋ ಸುತ್ತನ್ನೂ ಪಕ್ಕದಲ್ಲಿ ಬರೆದಿಟ್ಕೊಳ್ಳಿ.

ಮತ್ತೆ ವಿಮಾನ ಶುರುವಾದದ್ದು 1976ರಲ್ಲಿ. ಆಮೇಲೆ ಸಂಸತ್ತಿನ ಮೇಲಿನ ದಾಳಿಯ ನಂತರ 2002ರ ಜನವರಿ 1ರಿಂದ ಬಂದ್, ಸರಿಯಾಗಿ ಎರಡು ವರ್ಷಕ್ಕೆ 2004ರ ಜನವರಿ 1ರಂದು ಚಾಲೂ. ಮುಂಬೈ–ಕರಾಚಿ ಮಾರ್ಗದಲ್ಲಿ ಕೊನೆಗೆ ಉಳಿದದ್ದು ಪಾಕಿಸ್ತಾನದ ಪಿಐಎ ಒಂದೇ. 2010ರ ದಶಕ ಮುಗಿಯೋ ಹೊತ್ತಿಗೆ ಅದೂ ಇಲ್ಲ. 2019ರಲ್ಲಿ ಬಾಲಾಕೋಟ್ ದಾಳಿಯ ನಂತರ ಫೆಬ್ರವರಿ ಕೊನೆಯಿಂದ ಜುಲೈ 16ರವರೆಗೆ ಪಾಕಿಸ್ತಾನದ ಆಕಾಶ ಬಂದ್. 2025ರಲ್ಲಿ ಪಹಲ್ಗಾಮ್ ಹತ್ಯಾಕಾಂಡದ ನಂತರ ಏಪ್ರಿಲ್ 24ರಂದು ಅವರು ಮುಚ್ಚಿದರು, 30ರಂದು ನಾವು. ಆಮೇಲೆ ತಿಂಗಳಿಗೊಮ್ಮೆ ವಿಸ್ತರಣೆ.

ಇದು ಮುಂಬೈ–ಕರಾಚಿಗೆ ಮಾತ್ರ ಸೀಮಿತ ಅಲ್ಲ. ದೆಹಲಿಯಿಂದ ಕಜಕಸ್ತಾನದ ಅಲ್ಮಾಟಿಗೆ, ಉಜ್ಬೇಕಿಸ್ತಾನದ ತಾಷ್ಕೆಂಟ್‌ಗೆ ಇಂಡಿಗೋ ಹಾರುತ್ತಿತ್ತು. ಪಾಕಿಸ್ತಾನದ ಮೇಲೆ ಹೋಗದೆ ಸುತ್ತಿ ಹೋಗೋಕೆ ಆ ಸಣ್ಣ ವಿಮಾನಗಳ ಟ್ಯಾಂಕ್ ಸಾಲದು. 2025ರ ಏಪ್ರಿಲ್ ಕೊನೆಯಲ್ಲಿ ಎರಡೂ ಮಾರ್ಗ ನಿಲ್ಲಿಸಿದರು.

ಯಾರು ಸರಿ ಯಾರು ತಪ್ಪು ಅನ್ನೋ ಜಗಳ ಕಾಮೆಂಟ್‌ನಲ್ಲಿ ಬೇಡ, ದಯವಿಟ್ಟು. ಬಾಂಬು, ಗುಂಡು, ಸತ್ತವರು ಇದ್ದಾರೆ ಇದರ ಹಿಂದೆ. ಆಕಾಶ ಮುಚ್ಚಿದ್ದಕ್ಕೆ ಕಾರಣಗಳು ನಿಜವಾದವೇ. ಬೆಲೆ ಯಾರು ಕೊಡ್ತಿದ್ದಾರೆ ಅನ್ನೋದನ್ನೂ ನೋಡಬೇಕು ಅನ್ನೋದಷ್ಟೇ ನನ್ನ ಮಾತು.

ಭಾಗ 7

ಆ ಬೆಲೆಯ ಒಂದು ಉದಾಹರಣೆ.

ಗುಜರಾತಿನ ಪೋರಬಂದರ್, ವೆರಾವಲ್ ಕಡೆಯ ಮೀನುಗಾರರು ಮೀನಿನ ಹಿಂದೆ ಕಛ್ ಸಮುದ್ರಕ್ಕೆ ಹೋಗ್ತಾರೆ. ನೀರಿನ ಮೇಲೆ ಗೆರೆ ಕಾಣಲ್ಲ. ಪಾಕಿಸ್ತಾನದವರು ಹಿಡಿದರೆ ಕರಾಚಿಯ ಮಾಲಿರ್ ಜೈಲು. ಅಲ್ಲಿನ ಮೀನುಗಾರರು ನಮ್ಮ ಕಡೆ ಸಿಕ್ಕಿಬಿದ್ದರೆ ಇಲ್ಲಿನ ಜೈಲು. ಶಿಕ್ಷೆಯ ಅವಧಿ ಮುಗಿದ ಮೇಲೂ ಕಾಯೋದು ತಪ್ಪಲ್ಲ.

ಬಿಡುಗಡೆ ಆಯಿತು ಅಂತಿಟ್ಕೊಳ್ಳಿ. ಪೋರಬಂದರ್ ಅಲ್ಲೇ ಪಕ್ಕದಲ್ಲಿ, ಅದೇ ಸಮುದ್ರದ ದಡದಲ್ಲಿ. ಆದ್ರೆ ಆ ದಾರಿಯಲ್ಲಿ ಬಿಡಲ್ಲ. ಕರಾಚಿಯಿಂದ ರೈಲಿನಲ್ಲಿ ಉತ್ತರಕ್ಕೆ ಲಾಹೋರ್, ಅಲ್ಲಿಂದ ವಾಘಾ ಗಡಿ, ನಡೆದು ಈ ಕಡೆ ಅಟ್ಟಾರಿ, ಅಮೃತಸರ, ಅಲ್ಲಿಂದ ಮತ್ತೆ ರೈಲಿನಲ್ಲಿ ದಕ್ಷಿಣಕ್ಕೆ ಗುಜರಾತ್. ಎರಡು ಸಾವಿರ ಕಿ.ಮೀ. ಮೀರಿದ ಸುತ್ತು. ದೋಣಿ ಮಾತ್ರ ಅಲ್ಲೇ ಉಳಿಯುತ್ತೆ. ಮನುಷ್ಯ ವಾಪಸ್ ಬಂದರೂ ಅವನ ಹೊಟ್ಟೆಪಾಡು ವಾಪಸ್ ಬರಲ್ಲ.

ನೆಂಟರನ್ನ ನೋಡಲು ಹೋಗೋರ ಪಾಡೂ ಇಷ್ಟೇ. ಕರಾಚಿಯಲ್ಲಿದ್ದ ಭಾರತದ ಕಾನ್ಸುಲೇಟ್ 1994ರಲ್ಲಿ ಮುಚ್ಚಿತು, ಅಲ್ಲಿಂದೀಚೆಗೆ ಕರಾಚಿಯವರ ವೀಸಾ ಕೆಲಸಕ್ಕೂ ಇಸ್ಲಾಮಾಬಾದೇ ದಿಕ್ಕು. ರಾಜಸ್ಥಾನದ ಮುನಾಬಾವ್ ಮೂಲಕ ಕರಾಚಿಗೆ ಹೋಗ್ತಿದ್ದ ರೈಲುದಾರಿ 1965ರಲ್ಲಿ ಕಡಿದು, 2006ರಲ್ಲಿ ಥಾರ್ ಎಕ್ಸ್‌ಪ್ರೆಸ್ ಹೆಸರಲ್ಲಿ ಮತ್ತೆ ಶುರುವಾಗಿ, 2019ರ ಆಗಸ್ಟ್‌ನಲ್ಲಿ ಮತ್ತೆ ನಿಂತಿತು.

ಭಾಗ 8

ಕೊನೆಯ ಭಾಗ. ಎರಡು ಹಾರಾಟ.

1982ರ ಅಕ್ಟೋಬರ್ 15. ಮೊದಲ ಹಾರಾಟಕ್ಕೆ ಐವತ್ತು ವರ್ಷ. ಜೆ.ಆರ್.ಡಿ.ಗೆ 78. ಮತ್ತೆ ಕರಾಚಿಗೆ ಹೋಗಿ, ಲೆಪರ್ಡ್ ಮಾತ್ ಅನ್ನೋ ಹಳೇ ಪುಟ್ಟ ವಿಮಾನದಲ್ಲಿ ಒಬ್ಬರೇ ಕೂತು, ಅದೇ ದಾರಿ ಹಿಡಿದು, ಅಹಮದಾಬಾದ್‌ನಲ್ಲಿ ಇಳಿದು, ಬಾಂಬೆಗೆ ಬಂದರು. ಅಷ್ಟು ಹೊತ್ತಿಗೆ ಎರಡು ದೇಶಗಳು ಹಲವು ಯುದ್ಧ ಮಾಡಿಯಾಗಿತ್ತು. ಆದರೂ ಕರಾಚಿಯ ಕಡೆಯಿಂದ ಅನುಮತಿ ಸಿಕ್ಕಿತು, ಒಬ್ಬ ಮುದುಕ ಒಂದೇ ಎಂಜಿನ್ನಿನ ವಿಮಾನದಲ್ಲಿ ಗಡಿ ದಾಟಿಬಂದ.

2021ರ ಅಕ್ಟೋಬರ್ 15. ಈ ಸಲ ಪೈಲಟ್ ಆರೋಹಿ ಪಂಡಿತ್, ಮುಂಬೈ ಹುಡುಗಿ, ಪುಟ್ಟ ಲೈಟ್ ಸ್ಪೋರ್ಟ್ ವಿಮಾನದಲ್ಲಿ ಒಬ್ಬಳೇ ಅಟ್ಲಾಂಟಿಕ್ ದಾಟಿದ ಮೊದಲ ಮಹಿಳೆ. ಜೆ.ಆರ್.ಡಿ. ಹಾರಾಟದ ನೆನಪಿಗೆ ಅದೇ ದಾರಿಯಲ್ಲಿ, ಜಿಪಿಎಸ್ ಇಲ್ಲದೆ, ಅಹಮದಾಬಾದ್ ಮೇಲೆ ಜುಹುವಿಗೆ ಹಾರಬೇಕು. ಹೊರಟದ್ದು ಎಲ್ಲಿಂದ? ಕರಾಚಿಯಿಂದಲ್ಲ. ಗಡಿಯ ಈಚೆಗಿನ ಭುಜ್‌ನಿಂದ.

ಭುಜ್ ರನ್‌ವೇಗೂ ಒಂದು ಕಥೆ ಇದೆ. 1971ರ ಡಿಸೆಂಬರ್ ಯುದ್ಧದಲ್ಲಿ ಪಾಕಿಸ್ತಾನದ ಬಾಂಬುಗಳಿಂದ ಅದು ಗುಂಡಿಬಿದ್ದಾಗ, ಪಕ್ಕದ ಮಾಧಾಪರ ಹಳ್ಳಿಯ ಸುಮಾರು 300 ಹೆಂಗಸರು ಬಂದು 72 ಗಂಟೆಯಲ್ಲಿ ಸರಿಮಾಡಿಕೊಟ್ಟರು. ಸೈರನ್ ಕೂಗಿದರೆ ಓಡಿ ಅಡಗೋದು, ನಿಂತರೆ ಮತ್ತೆ ಕೆಲಸ. ಅವರ ಬಗ್ಗೆ ಬೇರೆ ಸರಣಿ ಬರೀತೀನಿ, ಇಲ್ಲಿ ಜಾಗ ಸಾಲದು.

ಆರೋಹಿಯ ವಿಮಾನ ಜುಹು ಮುಟ್ಟೋಕೆ ಸುಮಾರು ಐದು ಗಂಟೆ ತಗೊಂಡಿತು. ಭುಜ್‌ನಿಂದ ಕರಾಚಿಗೆ ಇನ್ನು 300 ಕಿ.ಮೀ. ಆಸುಪಾಸು, ಬೆಂಗಳೂರಿನಿಂದ ಮಂಗಳೂರಿನಷ್ಟು.

ಬಳ್ಳಾರಿ, ಹುಬ್ಬಳ್ಳಿ, ಧಾರವಾಡ ಕಡೆಯವರೇ, ಮನೆಯ ಹಳೇ ಟ್ರಂಕಿನಲ್ಲಿ ಅಜ್ಜ ಮುತ್ತಜ್ಜನ ಕಾಲದ ಏರ್‌ಮೇಲ್ ಕವರ್ ಸಿಕ್ಕರೆ ಹಿಂದೆ ಮುಂದೆ ಎರಡೂ ಕಡೆ ಫೋಟೋ ತೆಗೆದು ಮೆಸೇಜ್ ಮಾಡಿ. ಠಸ್ಸೆಯಲ್ಲಿ ಕರಾಚಿ ಅಂತ ಇದೆಯಾ ನೋಡೋಣ.